ಗೆರೆ ಹಾಕಿದ್ದಾರೆ, ರೊಕ್ಕ ಹಾಕಿಲ್ಲ: ಕಲಬುರಗಿಯ ನಾಳೆಯ ರಸ್ತೆಗೆ ಇವತ್ತೇ ಜಾಗ ಉಳಿಸುವುದು ಹೇಗೆ?

ಗೆಳೆಯನೊಬ್ಬ ಪ್ಲಾಟ್ ನೋಡೋಣ ಬಾ ಎಂದು ರಿಂಗ್ ರೋಡ್ ಆಚೆಯ ಒಂದು ಲೇಔಟ್‌ಗೆ ಕರೆದುಕೊಂಡು ಹೋಗಿದ್ದ. ಏಜೆಂಟ್ ಕಾರಿನ ಬಾನೆಟ್ ಮೇಲೆ ನಕ್ಷೆ ಹರಡಿದ. ನಡುವೆ ದಪ್ಪ ಹಳದಿ ಪಟ್ಟಿ. 'ಇದು 60 ಅಡಿ ರೋಡ್ ನೋಡ್ರಿ ಸರ್. ಮುಂದ ಮಾಸ್ಟರ್ ಪ್ಲಾನಿನ ನೂರಡಿ ರೋಡಿಗೆ ಕೂಡ್ತದ. ರೇಟ್ ಡಬಲ್ ಆಗ್ತದ' ಎಂದ. ನಾವು ಆ ಹಳದಿ ಪಟ್ಟಿ ಹಿಡಿದು ನಡೆದೆವು. ಮುರಮ್ ಹಾಕಿದ ರಸ್ತೆ, ಚೆನ್ನಾಗಿಯೇ ಇತ್ತು. ಇನ್ನೂರು ಹೆಜ್ಜೆ ಆದ ಮೇಲೆ ಮುಗಿದುಹೋಯಿತು. ಎದುರಿಗೆ ಕಾಂಪೌಂಡ್ ಗೋಡೆ. ಗೋಡೆಯಾಚೆ ಬೇರೆ ಯಾರದೋ ಲೇಔಟ್. ನಮ್ಮ 60 ಅಡಿಯ ನೇರಕ್ಕೆ ಅಲ್ಲಿ ಇದ್ದದ್ದು ಎರಡಂತಸ್ತಿನ ಮನೆ, ಅದರ ಪಕ್ಕ ಒಂದು ಟ್ರ್ಯಾಕ್ಟರ್ ಕಷ್ಟಪಟ್ಟು ನುಗ್ಗಬಹುದಾದ ಓಣಿ.

'ನೂರಡಿ ರೋಡ್ ಎಲ್ಲಿ?' ಎಂದು ಕೇಳಿದರೆ ಏಜೆಂಟ್ ಆ ಮನೆಯ ಕಡೆಗೇ ಕೈ ತೋರಿಸಿದ.

ನನಗೆ ನಗು ಬಂತು. ಆಮೇಲೆ ಬೇಜಾರೂ ಆಯಿತು. ಬರಲಿರುವ ರಸ್ತೆಯ ಹೆಸರು ಹೇಳಿ ಪ್ಲಾಟ್ ಮಾರುತ್ತಾರೆ. ಆ ಪ್ಲಾಟುಗಳೇ ಕೊನೆಗೆ ರಸ್ತೆಗೆ ಅಡ್ಡ ಕೂರುತ್ತವೆ. ಕಲಬುರಗಿ ಮಾತ್ರ ಅಲ್ಲ, ಬೀದರ್, ಯಾದಗಿರಿ ಅಂಚಿನಲ್ಲೂ ಇದೇ ಕತೆ. ಕಲಬುರಗಿ ದೊಡ್ಡದು, ಬೇಗ ಹಬ್ಬುತ್ತಿದೆ. ಹಾಗಾಗಿ ಇಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ, ಅಷ್ಟೇ.

ಈ ಊರು ಬೆಳೆಯುತ್ತಿರುವ ರೀತಿ ನೋಡಿ. ಅಂಗೈ ಬಿಡಿಸಿ ಇಟ್ಟ ಹಾಗೆ. ಸೇಡಂ ರಸ್ತೆ ಒಂದು ಬೆರಳು: ಅಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ಇಎಸ್‌ಐಸಿ ಆಸ್ಪತ್ರೆ, ಇನ್ನೂ ಮುಂದೆ ಹೋದರೆ 2019ರ ನವೆಂಬರ್‌ನಲ್ಲಿ ಶುರುವಾದ ವಿಮಾನ ನಿಲ್ದಾಣ. ಆಳಂದ ರಸ್ತೆಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಹುಮನಾಬಾದ್ ರಸ್ತೆಯಲ್ಲಿ ಕಪನೂರ ಕೈಗಾರಿಕಾ ಪ್ರದೇಶ. ಆ ಕಡೆ ಜೇವರ್ಗಿ ರಸ್ತೆ, ಈ ಕಡೆ ಅಫಜಲಪುರ, ಶಹಾಬಾದ್ ರಸ್ತೆಗಳು. ಎಲ್ಲ ಬೆರಳೂ ಉದ್ದವಾಗುತ್ತಿವೆ. ಬೆರಳಿಂದ ಬೆರಳಿಗೆ ದಾಟಲು ಇರುವ ಮುಖ್ಯ ದಾರಿ ಮಾತ್ರ ರಿಂಗ್ ರೋಡ್ ಒಂದೇ. ಮಾಡಿದಾಗ ಅದು ಊರ ಹೊರಗಿತ್ತು. ಈಗ ಅದರ ಎರಡೂ ಕಡೆ ಮನೆ, ಫಂಕ್ಷನ್ ಹಾಲ್, ಶೋರೂಂ, ಆಸ್ಪತ್ರೆ. ಬೀದರ್, ಹುಮನಾಬಾದ್ ಕಡೆಯಿಂದ ಬಂದು ಜೇವರ್ಗಿ, ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಲಾರಿಯೂ, ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟಿಯೂ ಒಂದೇ ಸಿಗ್ನಲ್‌ನಲ್ಲಿ ನಿಲ್ಲುತ್ತವೆ.

ಹೊರಗೆ ಇನ್ನೊಂದು ಸುತ್ತು ಬೇಕು ಅನ್ನುವ ಮಾತು ಅದಕ್ಕೇ ಬರುತ್ತದೆ. ಬರಲಿ. ನನ್ನ ಪ್ರಶ್ನೆ ಸಣ್ಣದು. ಆ ರಸ್ತೆಗೆ ದುಡ್ಡು ಹತ್ತು ವರ್ಷದ ನಂತರ ಬರಬಹುದು. ಅಲ್ಲಿಯವರೆಗೆ ಜಾಗ ಇರುತ್ತದಾ?

ಒಂದು ಲೆಕ್ಕ ಹಾಕಿ ನೋಡಿ. ನೂರು ಅಡಿ ಅಗಲದ ರಸ್ತೆ, ಒಂದು ಕಿಲೋಮೀಟರ್ ಉದ್ದ. ಬೇಕಾಗುವ ಜಮೀನು ಏಳೂವರೆ ಎಕರೆ, ಅಂದರೆ 300 ಗುಂಟೆ. ಇವತ್ತು ಅದು ಹೊಲ. ನಾಲ್ಕೈದು ರೈತರ ಜತೆ ಕೂತು ಮಾತಾಡಿದರೆ ಆಯಿತು. ಅದೇ ಏಳೂವರೆ ಎಕರೆಯಲ್ಲಿ ಲೇಔಟ್ ಆಯಿತು ಅನ್ನಿ. ಒಳರಸ್ತೆ, ಪಾರ್ಕಿಗೆ ಬಿಟ್ಟು ಶೇ 55ರಷ್ಟು ಜಾಗ ಪ್ಲಾಟ್‌ಗೆ ಹೋದರೆ, 30x40 ಅಳತೆಯ 150 ಪ್ಲಾಟ್ ಆಗುತ್ತವೆ. ಈಗ ನಾಲ್ಕೈದು ರೈತರ ಜಾಗದಲ್ಲಿ 150 ಮಾಲೀಕರು. ಅವರಲ್ಲಿ ಅರ್ಧ ಜನ ಬ್ಯಾಂಕ್ ಸಾಲ ಮಾಡಿದ್ದಾರೆ. ಕೆಲವರು ಪುಣೆಯಲ್ಲಿ, ಹೈದರಾಬಾದಿನಲ್ಲಿ ದುಡಿಯುತ್ತಾ ಕಂತು ಕಟ್ಟುತ್ತಿದ್ದಾರೆ. ಒಬ್ಬೊಬ್ಬರಿಗೂ ನೋಟಿಸ್, ಒಬ್ಬೊಬ್ಬರದೂ ಕೇಸ್. ಇದು ಒಂದೇ ಕಿಲೋಮೀಟರಿನ ಕತೆ.

ಪರಿಹಾರದ ಲೆಕ್ಕವೂ ಹೀಗೇ ಹಿಗ್ಗುತ್ತದೆ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಬೆಲೆ ಕಟ್ಟುವಾಗ ಹಿಂದಿನ ಮೂರು ವರ್ಷದ ಅಕ್ಕಪಕ್ಕದ ನೋಂದಣಿಗಳನ್ನು ನೋಡುತ್ತಾರೆ. ಅದರಲ್ಲೂ ಜಾಸ್ತಿ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ತೆಗೆಯುತ್ತಾರೆ. ಹಳ್ಳಿ ಭಾಗವಾದರೆ ಅದನ್ನು 1ರಿಂದ 2ರವರೆಗಿನ ಅಂಕಿಯಿಂದ ಗುಣಿಸುತ್ತಾರೆ. ಆಮೇಲೆ ಅಷ್ಟೇ ಮೊತ್ತವನ್ನು ಸೊಲೇಷಿಯಂ, ಅಂದರೆ ಜಮೀನು ಬಿಡಬೇಕಾದ ನೋವಿಗೆ ಕೊಡುವ ಹೆಚ್ಚುವರಿ ಹಣ ಎಂದು ಸೇರಿಸುತ್ತಾರೆ. ರೈತನಿಗೆ ಇದು ನ್ಯಾಯವೇ. ಆದರೆ ಹೊಲಗಳ ನಡುವೆ ನಾಲ್ಕು ಲೇಔಟ್ ಎದ್ದು, ಪ್ಲಾಟ್ ಬೆಲೆಯಲ್ಲಿ ನೋಂದಣಿ ಶುರುವಾದರೆ ಸುತ್ತಲಿನ ಬೆಲೆಯೆಲ್ಲ ಏರುತ್ತದೆ. ಹತ್ತು ವರ್ಷ ಬಿಟ್ಟು ಬರುವ ಸರ್ಕಾರ ರಸ್ತೆಗೆ ಡಾಂಬರು ಹಾಕುವುದಕ್ಕಿಂತ ಜಾಸ್ತಿ ದುಡ್ಡನ್ನು ಜಾಗಕ್ಕೇ ಕೊಡಬೇಕು. ಆಗ ರಸ್ತೆ 100 ಅಡಿ ಇದ್ದದ್ದು 60ಕ್ಕೆ ಇಳಿಯುತ್ತದೆ, ಇಲ್ಲ ಫೈಲೇ ಮುಚ್ಚುತ್ತದೆ.

ಇನ್ನು ಕಾನೂನಿನ ಮಾತು. ಜಾಗ ಕಾಯುವ ಕೆಲಸ ಮಾಡಬೇಕಾದದ್ದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಅದರ ಕೆಳಗೆ ಯೋಜನಾ ಪ್ರಾಧಿಕಾರ ಮಾಸ್ಟರ್ ಪ್ಲಾನ್ ಮಾಡುತ್ತದೆ. ಕಲಬುರಗಿಯಲ್ಲಿ ಆ ಹೊಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ದೊಡ್ಡ ರಸ್ತೆ ಎಂದು ಬಣ್ಣ ಹಚ್ಚಿದ ನಕ್ಷೆ ಒಂದು. ಅದರ ಜತೆ ವಲಯ ನಿಯಮಗಳು: ರಸ್ತೆಯಿಂದ ಎಷ್ಟು ಬಿಟ್ಟು ಕಟ್ಟಬೇಕು, ಎಷ್ಟು ಎತ್ತರ, ಏನು ಕಟ್ಟಬಹುದು, ಏನು ಕೂಡದು. ಹತ್ತು ವರ್ಷಕ್ಕೊಮ್ಮೆಯಾದರೂ ಇದನ್ನು ಪರಿಷ್ಕರಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ತೊಡಕು ಇರುವುದು ಅದೇ ಕಾಯ್ದೆಯ 69ನೇ ಕಲಮಿನಲ್ಲಿ. ರಸ್ತೆಯಂಥ ಸಾರ್ವಜನಿಕ ಕೆಲಸಕ್ಕೆ ಎಂದು ಪ್ಲಾನಿನಲ್ಲಿ ಗುರುತಿಸಿದ ಖಾಸಗಿ ಜಮೀನನ್ನು, ಪ್ಲಾನ್ ಪ್ರಕಟವಾದ ಐದು ವರ್ಷದೊಳಗೆ ಒಪ್ಪಂದದಿಂದ ಪಡೆಯಬೇಕು. ಇಲ್ಲವೇ ಸ್ವಾಧೀನದ ಪ್ರಕ್ರಿಯೆ ಶುರು ಮಾಡಬೇಕು. ಎರಡೂ ಆಗದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ಪ್ಲಾನಿಗೆ ಹತ್ತು ವರ್ಷದ ಆಯುಷ್ಯ, ಅದರೊಳಗಿನ ರಸ್ತೆಗೆರೆಗೆ ಐದು! ಆರನೇ ವರ್ಷ ನಕ್ಷೆಯಲ್ಲಿ ಗೆರೆ ಇರುತ್ತದೆ, ಅದರ ಹಿಂದಿನ ಕಾನೂನಿನ ಬಲ ಹೋಗಿರುತ್ತದೆ. ಗಡಿಯಾಚೆ ಸೊಲ್ಲಾಪುರಕ್ಕೆ ಹೋದರೆ ಮಹಾರಾಷ್ಟ್ರದ ಕಾಯ್ದೆ ಹತ್ತು ವರ್ಷ ಕೊಡುತ್ತದೆ. ಆಮೇಲೆ ಮಾಲೀಕನೇ 'ಕೊಂಡುಕೊಳ್ಳಿ, ಇಲ್ಲ ಬಿಡಿ' ಎಂದು ನೋಟಿಸ್ ಕೊಡಬಹುದು.

ಹಾಗಾದರೆ ಐದನ್ನು ಇಪ್ಪತ್ತು ಮಾಡಿಬಿಡೋಣ ಅನ್ನಿಸುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ನಮ್ಮ ಮಾಮಾನ ಹೊಲಕ್ಕೆ ಹೋಗಿ ಬಂದ ಮೇಲೆ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುತ್ತಿಲ್ಲ.

ಮಾಮಾನದು ಊರ ಅಂಚಿನಲ್ಲಿ ನಾಲ್ಕು ಎಕರೆ ಎರೆ ಹೊಲ. ತೊಗರಿ, ಹಿಂಗಾರಿಗೆ ಕಡಲೆ. ಒಂದು ರಸ್ತೆಗೆರೆ ಆ ಸರ್ವೆ ನಂಬರ್ ಹಾಯ್ದು ಹೋಗಿದೆ ಎಂದು ಯಾರೋ ಹೇಳಿದರು. ಅಂದಿನಿಂದ ಹೊಲ ಕೇಳಿಕೊಂಡು ಬರುವವರು ನಿಂತರು. ಮಗಳ ಮದುವೆಗೆ ಅರ್ಧ ಎಕರೆ ಮಾರಬೇಕು ಅಂದುಕೊಂಡಿದ್ದ. ಬಂದವನೊಬ್ಬ ಅರ್ಧ ರೇಟು ಕೇಳಿದ. ಬಾವಿ ಹತ್ತಿರದ ಬೇವಿನ ಮರದ ಕೆಳಗೆ ಕೂತು ಮಾಮಾ ಹೇಳಿದ್ದು ಇಷ್ಟೇ: 'ಗೆರಿ ಹಾಕ್ಯಾರ ಅಳಿಯಾ, ರೊಕ್ಕಾ ಹಾಕಿಲ್ಲ.'

ಕೋರ್ಟುಗಳೂ ಹೆಚ್ಚು ಕಡಿಮೆ ಇದನ್ನೇ ಹೇಳಿವೆ. ಪುಣೆಯಲ್ಲಿ ಉದ್ಯಾನಕ್ಕೆ ಎಂದು ಗುರುತಿಸಿದ ಖಾಸಗಿ ಜಾಗದ ಬಗ್ಗೆ 2005ರ ರಾಜು ಜೇಠ್ಮಲಾನಿ ಪ್ರಕರಣ ಇದೆ. ಪ್ಲಾನಿನಲ್ಲಿ ಖಾಸಗಿ ಜಮೀನು ತೋರಿಸಬಹುದು, ಆದರೆ ಸ್ವಾಧೀನ ಮಾಡಿಕೊಳ್ಳದೆ ಮಾಲೀಕನ ಬಳಕೆಯನ್ನು ಸುಮ್ನೆ ತಡೆದು ಕೂರಲು ಆಗದು ಎಂಬುದು ಅಲ್ಲಿ ಸುಪ್ರೀಂ ಕೋರ್ಟ್ ಮಾತಿನ ತಿರುಳು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ನೋಡಿ. 2005ರಲ್ಲಿ ಮೊದಲ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಅಂದು ಹುಟ್ಟಿದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಯೋಜನೆಗೆ ಹೆಸರು ಬದಲಾಯಿತು, ಅಗಲ ಬದಲಾಯಿತು. ಆ ಗೆರೆಯ ಮೇಲಿನ ರೈತ ಅಷ್ಟೂ ವರ್ಷ ಮಾರಲಾರ, ಕಟ್ಟಲಾರ, ಸಾಲ ಎತ್ತಲಾರ. ಕಲಬುರಗಿಗೆ ಅಂಥ ಗೆರೆ ಬೇಡ.

ಹಾಗೆಂದು ಗೆರೆಯೇ ಬೇಡ ಎಂದರೆ ಮೊದಲು ಹೇಳಿದ ಕಾಂಪೌಂಡ್ ಗೋಡೆ ಸಿಗುತ್ತದೆ. ಅವಧಿ ಹಿಗ್ಗಿಸುವುದಕ್ಕಿಂತ ಮೊದಲು ಮಾಡಬೇಕಾದ ಬೇರೆ ಕೆಲಸಗಳಿವೆ ಅನ್ನುವುದು ನನ್ನ ಅಭಿಪ್ರಾಯ. ಐದು ವರ್ಷದೊಳಗೇ ಜಾಗ ಹೇಗೆ ಕೈ ತಪ್ಪುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಹೊಲ ಪ್ಲಾಟ್ ಆಗಬೇಕಾದರೆ ಹಲವು ಕೌಂಟರ್ ದಾಟಬೇಕು. ಎನ್‌ಎ, ಅಂದರೆ ಕೃಷಿಯೇತರ ಜಮೀನು ಎಂದು ಮಾಡಿಸಲು ಕಂದಾಯ ಇಲಾಖೆ. ಲೇಔಟ್ ಮಂಜೂರಿಗೆ ಪ್ರಾಧಿಕಾರ. ಮನೆ ಲೈಸೆನ್ಸಿಗೆ ಪಾಲಿಕೆ ಅಥವಾ ಗ್ರಾಮ ಪಂಚಾಯಿತಿ. ಖರೀದಿ ಪತ್ರಕ್ಕೆ ಸಬ್ ರಿಜಿಸ್ಟ್ರಾರ್. ಮಾಸ್ಟರ್ ಪ್ಲಾನಿನ ರಸ್ತೆಗೆರೆ ಇವುಗಳಲ್ಲಿ ಗಟ್ಟಿಯಾಗಿ ಕಾಣುವುದು ಪ್ರಾಧಿಕಾರದ ಟೇಬಲ್ ಮೇಲೆ ಮಾತ್ರ. ಪ್ರಾಧಿಕಾರಕ್ಕೇ ಹೋಗದೆ, ಎರಡು ಗುಂಟೆ ಮೂರು ಗುಂಟೆ ಎಂದು ಹೊಲವನ್ನೇ ಚೂರು ಮಾಡಿ ಮಾರುವವರಿಗೆ ಆ ಗೆರೆ ಎದುರಾಗುವುದೇ ಇಲ್ಲ. ಬಾಂಡ್ ಪೇಪರ್ ಮೇಲೆ ಬರೆದುಕೊಂಡು ಮನೆ ಕಟ್ಟಿದವರಿಗಂತೂ ಕೇಳುವವರೇ ಇಲ್ಲ.

ಗೆರೆ ಕಾಣುವ ಕಡೆಯೂ ಅದು ಮಸುಕು. 1:10,000 ಅಳತೆಯ ನಕ್ಷೆ ಎಂದುಕೊಳ್ಳಿ. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂದರೆ ನೆಲದ ಮೇಲೆ 5 ಮೀಟರ್, ಹದಿನಾರು ಅಡಿಗೂ ಜಾಸ್ತಿ. 30 ಅಡಿ ಅಗಲದ ಪ್ಲಾಟಿನ ಅರ್ಧ ಭಾಗ ಪೆನ್ನಿನ ದಪ್ಪದಲ್ಲೇ ಹೋಯಿತು! ರಸ್ತೆ ಈ ಸರ್ವೆ ನಂಬರಿನ ಯಾವ ಬದುವಿನಿಂದ ಎಷ್ಟು ಅಡಿಗೆ ಬರುತ್ತದೆ ಎಂದು ಆ ನಕ್ಷೆ ನೋಡಿ ಯಾರೂ ಹೇಳಲಾರರು. ಹೇಳಲಾಗದ ಕಡೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಕೈ ಬಲ ಇದ್ದವನ ಹೊಲದ ಹತ್ತಿರ ಬಂದಾಗ ಗೆರೆ ಸ್ವಲ್ಪ ಬಾಗುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಕೆಲಸ ಮೋಜಣಿ. ರಸ್ತೆಗೆರೆಯನ್ನು ಬಣ್ಣದ ನಕ್ಷೆಯಿಂದ ಇಳಿಸಿ ಪ್ರತಿ ಸರ್ವೆ ನಂಬರಿನ ನಕ್ಷೆಗೆ ತರಬೇಕು. ಹೊಲದಲ್ಲಿ ಕಲ್ಲು ನೆಡಬೇಕು. ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ, ಋಣಭಾರ ಬರೆಯುತ್ತಾರಲ್ಲ, ಅಲ್ಲೇ 'ಉದ್ದೇಶಿತ ರಸ್ತೆಗೆ ಇಷ್ಟು ಗುಂಟೆ, ಇಂಥ ತಾರೀಕಿನವರೆಗೆ' ಎಂದು ಬರೆಯಬೇಕು. ಜಮೀನಿನ ತುಂಡು ಮಾರಲು 11ಇ ನಕ್ಷೆ ಮಾಡಿಸಲೇಬೇಕು. ಅದರಲ್ಲೂ ಈ ಗೆರೆ ಮೂಡಬೇಕು. ಪಹಣಿ ಭೂಮಿ ತಂತ್ರಾಂಶದಲ್ಲಿದೆ, ನೋಂದಣಿ ಕಾವೇರಿ ತಂತ್ರಾಂಶದಲ್ಲಿ ನಡೆಯುತ್ತದೆ. ಎರಡಕ್ಕೂ ಕೊಂಡಿ ಇದೆ. ಪಹಣಿಗೆ ಒಮ್ಮೆ ಬಂದರೆ ಉಳಿದ ಕೌಂಟರ್‌ಗಳೂ ಅದನ್ನು ನೋಡಲೇಬೇಕಾಗುತ್ತದೆ. ಪ್ಲಾಟ್ ಕೊಳ್ಳುವವನೂ ನೋಡುತ್ತಾನೆ. ನಮ್ಮ ಜನ ಮಾಸ್ಟರ್ ಪ್ಲಾನ್ ನೋಡುವುದಿಲ್ಲ, ಪಹಣಿ ಮಾತ್ರ ನೋಡೇ ನೋಡುತ್ತಾರೆ.

ಎರಡನೆಯದು, ಸೆಟ್‌ಬ್ಯಾಕ್, ಅಂದರೆ ರಸ್ತೆಯಿಂದ ಬಿಟ್ಟು ಕಟ್ಟಬೇಕಾದ ಅಂತರವನ್ನು ಎಲ್ಲಿಂದ ಅಳೆಯುತ್ತಾರೆ ಅನ್ನುವುದು. ಇವತ್ತು ಇರುವ 30 ಅಡಿ ರಸ್ತೆಯ ಅಂಚಿನಿಂದ ಅಳೆದರೆ ನಾಳೆ 60 ಅಡಿ ಆಗುವಾಗ ಗೋಡೆ ಒಡೆಯಬೇಕು. ನಾಳೆಯ ರಸ್ತೆಯ ಅಂಚಿನಿಂದ ಅಳೆಯಿರಿ ಎಂದು ವಲಯ ನಿಯಮದಲ್ಲಿ ಒಂದು ಸಾಲು ಬಂದರೆ, ಹೊಸದಾಗಿ ಕಟ್ಟುವವನು ತಾನಾಗಿಯೇ ಹಿಂದೆ ಸರಿಯುತ್ತಾನೆ. ಇದು ಹೊಸ ಯೋಚನೆ ಅಲ್ಲ. ಹೆದ್ದಾರಿಗೆ ಇಂಥ ನಿಯಮ ಆಗಲೇ ಇದೆ. 1964ರ ಕರ್ನಾಟಕ ಹೆದ್ದಾರಿ ಕಾಯ್ದೆಯಲ್ಲಿ ಕಟ್ಟಡ ರೇಖೆ, ನಿಯಂತ್ರಣ ರೇಖೆ ಎಂದು ಎರಡು ಗೆರೆಗಳಿವೆ: ಮೊದಲನೆಯದರ ಒಳಗೆ ಕಟ್ಟುವ ಹಾಗಿಲ್ಲ, ಎರಡನೆಯದರವರೆಗೆ ಕಟ್ಟುವುದಕ್ಕೆ ನಿಯಂತ್ರಣ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಬಯಲು ನಾಡಿನ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಗೆ ರಸ್ತೆಯ ನಡುವಿನಿಂದ 40 ಮೀಟರ್‌ಗೆ ಕಟ್ಟಡ ರೇಖೆ, 75 ಮೀಟರ್‌ಗೆ ನಿಯಂತ್ರಣ ರೇಖೆ. ಹೆದ್ದಾರಿ ಪಕ್ಕದ ಧಾಬಾ, ಪಂಕ್ಚರ್ ಅಂಗಡಿ, ಶೆಡ್ ನೋಡಿದರೆ ಈ 40 ಮೀಟರ್ ಎಷ್ಟು ಜನರಿಗೆ ಗೊತ್ತಿದೆ ಎಂದು ತಿಳಿಯುತ್ತದೆ. ಅದು ಬೇರೆ ಮಾತು ಬಿಡಿ. ಊರೊಳಗಿನ, ಊರಂಚಿನ ರಸ್ತೆಗಳಿಗೂ ಇದೇ ತರ್ಕ ಬೇಕು.

ಲೇಔಟ್‌ಗಳ ಮಟ್ಟಿಗೆ ಇನ್ನೂ ಸಲೀಸು. ಲೇಔಟ್ ಮಂಜೂರಾದರೆ ಒಳಗಿನ ರಸ್ತೆ, ಉದ್ಯಾನದ ಜಾಗ ಹೇಗೂ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಹಾಗಿರುವಾಗ ಪಕ್ಕದ ಲೇಔಟಿನ 60 ಅಡಿ ರಸ್ತೆ ಇಲ್ಲಿಯೂ 60 ಅಡಿಯಾಗಿಯೇ ಮುಂದುವರಿಯಬೇಕು, ಗೋಡೆಗೆ ಬಡಿಯುವ ರಸ್ತೆಗೆ ಮಂಜೂರಿ ಇಲ್ಲ ಎಂದರೆ ಸಾಕು. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಇಷ್ಟು ಸಣ್ಣ ವಿಷಯ ಯಾಕೆ ಆಗುವುದಿಲ್ಲ? ಒಂದೊಂದು ಲೇಔಟ್ ಒಂದೊಂದು ಫೈಲು, ಒಂದೊಂದು ಸಲ. ಎರಡು ಫೈಲನ್ನು ಒಂದೇ ಟೇಬಲ್ ಮೇಲೆ ಅಕ್ಕಪಕ್ಕ ಬಿಡಿಸಿ ನೋಡುವವರು ಕಡಿಮೆ.

ಈಗ ಮತ್ತೆ ಮಾಮಾನ ಮಾತಿಗೆ, ರೊಕ್ಕದ ಮಾತಿಗೆ.

ಜಾಗ ಬಿಟ್ಟುಕೊಟ್ಟವರಿಗೆ ದುಡ್ಡಿನ ಬದಲು ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಕೊಡುವ ದಾರಿ 1961ರ ಯೋಜನಾ ಕಾಯ್ದೆಯ 14ಬಿ ಕಲಮಿನಲ್ಲಿದೆ. ಬೇರೆ ಕಡೆ ಜಾಸ್ತಿ ಎತ್ತರ ಕಟ್ಟುವ ಹಕ್ಕು ಅದು. ಮಾರಲೂಬಹುದು. ಕೇಳಲು ಚೆನ್ನಾಗಿದೆ. ಆದರೆ ಕಲಬುರಗಿಯಲ್ಲಿ ಅದನ್ನು ಕೊಳ್ಳುವವರು ಯಾರು? ಇಲ್ಲಿ ಬಹುಪಾಲು ಮನೆ ಎರಡು-ಮೂರು ಅಂತಸ್ತು. ನಿಯಮ ಕೊಟ್ಟಿರುವ ಎತ್ತರವನ್ನೇ ಜನ ಪೂರ್ತಿ ಬಳಸುವುದಿಲ್ಲ. ಮೇಲೆ ಇನ್ನಷ್ಟು ಕಟ್ಟುವ ಹಕ್ಕಿನ ಕಾಗದ ಹಿಡಿದು ಮಾಮಾ ಎಲ್ಲಿಗೆ ಹೋಗಬೇಕು? ಟಿಡಿಆರ್ ಬೆಂಗಳೂರಿನ ಔಷಧಿ. ನಮ್ಮ ರೋಗ ಬೇರೆ.

ನಮಗೆ ಜಾಸ್ತಿ ಒಗ್ಗುವುದು ನಗರ ಯೋಜನಾ ಸ್ಕೀಮ್, ಗುಜರಾತಿನಲ್ಲಿ 'ಟಿಪಿ ಸ್ಕೀಮ್' ಅನ್ನುತ್ತಾರೆ. ಹತ್ತಾರು ರೈತರ ಹೊಲಗಳನ್ನು ಒಟ್ಟಿಗೆ ಸೇರಿಸುತ್ತಾರೆ. ರಸ್ತೆ, ಉದ್ಯಾನ, ಶಾಲೆಗೆ ಬೇಕಾದಷ್ಟು ತೆಗೆದು ಉಳಿದದ್ದನ್ನು ಹೊಸದಾಗಿ ಹಂಚುತ್ತಾರೆ. ಎಲ್ಲರದೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಎಲ್ಲರಿಗೂ ರಸ್ತೆ ಪಕ್ಕದ, ಚೌಕಾಕಾರದ, ಬೆಲೆ ಬರುವ ಜಾಗ ಸಿಗುತ್ತದೆ. ಒಬ್ಬನೇ ಮುಳುಗಿ ಪಕ್ಕದವನು ಕೋಟ್ಯಧಿಪತಿ ಆಗುವುದು ತಪ್ಪುತ್ತದೆ. ಅಹಮದಾಬಾದಿನ 76 ಕಿಲೋಮೀಟರ್ ಸರ್ದಾರ್ ಪಟೇಲ್ ರಿಂಗ್ ರೋಡಿಗೆ ಜಾಗ ಸಿಕ್ಕಿದ್ದರಲ್ಲಿ ಈ ದಾರಿಯ ಪಾಲು ದೊಡ್ಡದು. ನಮ್ಮ 1961ರ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಒಂದು ಇಡೀ ಅಧ್ಯಾಯ ಇದೆ. ಓದುವವರಿಲ್ಲದೆ ಬಿದ್ದಿದೆ.

ನಮ್ಮವರಿಗೆ ಅಹಮದಾಬಾದ್ ದೂರ. ಹೈದರಾಬಾದ್ ಹತ್ತಿರ, ಆಸ್ಪತ್ರೆಗೆ, ಮದುವೆ ಸೀರೆಗೆ ಹೋಗಿ ಬರುತ್ತಲೇ ಇರುತ್ತೇವೆ. ಅಲ್ಲಿನ 158 ಕಿಲೋಮೀಟರ್ ಔಟರ್ ರಿಂಗ್ ರೋಡಿನ ಎರಡೂ ಕಡೆ ಒಂದೊಂದು ಕಿಲೋಮೀಟರ್ ಪಟ್ಟಿಯನ್ನು ಬೆಳವಣಿಗೆ ಕಾರಿಡಾರ್ ಎಂದು ಗುರುತಿಸಿ ಬೇರೆಯೇ ನಿಯಮ ಮಾಡಿದರು. ದೊಡ್ಡ ರಸ್ತೆಯ ಜತೆ ಅದಕ್ಕೆ ಕೂಡುವ ರಸ್ತೆಗಳಿಗೂ ಜಾಗ ಕಾಯ್ದರೆ ಮಾತ್ರ ರಿಂಗ್ ರೋಡಿಗೆ ಬೆಲೆ. ಇಲ್ಲದಿದ್ದರೆ ಅದು ಇನ್ನೊಂದು ಜಾಮ್.

ತಡ ಮಾಡುವ ಹಾಗಿಲ್ಲ ಅನ್ನಲು ಇನ್ನೆರಡು ಕಾರಣ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ಊರಂಚಿನ ಹೊಲ ಈಗ ಎಲ್ಲರಿಗೂ ಹೂಡಿಕೆ. 2025ರಲ್ಲಿ ಅನಧಿಕೃತ ಬಡಾವಣೆಯ ಮನೆ, ಪ್ಲಾಟುಗಳನ್ನೂ ತೆರಿಗೆ ದಾಖಲೆಗೆ ಸೇರಿಸುವ ಬಿ ಖಾತೆ ಕೊಡುವ ಅಭಿಯಾನ ನಡೆಯಿತು. ಕಂತು ಕಟ್ಟಿ ಕೊಂಡ ಬಡವನಿಗೆ ಇದರಿಂದ ಉಸಿರು ಬಂತು, ನಿಜ. ಆದರೆ ರಸ್ತೆಗೆರೆ ಮೇಲೆ ಕೂತ ಪ್ಲಾಟಿಗೂ ಖಾತೆ ಸಿಕ್ಕರೆ, ನಾಳೆ ಅದನ್ನು ಬಿಡಿಸುವುದು ಇಮ್ಮಡಿ ಕಷ್ಟ. ಖಾತೆ ಕೊಡುವ ಮೊದಲು ಗೆರೆ ನೋಡುವ ಒಂದು ಕಾಲಂ ಅರ್ಜಿಯಲ್ಲಿ ಇರಬೇಕಿತ್ತು.

ಗೆರೆ ಬಿದ್ದ ಜಾಗವನ್ನು ಪೂರ್ತಿ ಸತ್ತ ಜಾಗ ಮಾಡಬೇಕಾಗಿಯೂ ಇಲ್ಲ. ಬೆಳೆ ಬೆಳೆಯಲಿ. ನರ್ಸರಿ, ಲಾರಿ ನಿಲ್ಲಿಸುವ ಜಾಗ, ಅಡಿಪಾಯ ಇಲ್ಲದ ಶೆಡ್ಡಿಗೆ ವಲಯ ನಿಯಮವೇ ತಾತ್ಕಾಲಿಕ ಅನುಮತಿ ಕೊಡಲಿ. ತೀರಾ ಅಗತ್ಯ ಬಿದ್ದು ಮಾರಬೇಕಾದ ರೈತನಿಂದ ಪ್ರಾಧಿಕಾರವೇ ಮೊದಲು ಕೊಳ್ಳಲಿ. ಅದಕ್ಕೆ ವರ್ಷ ವರ್ಷ ಸ್ವಲ್ಪ ಹಣ ಎತ್ತಿಡಲಿ. ಇಡೀ ರಸ್ತೆಯ ಜಾಗವನ್ನು ಒಂದೇ ಸಲ ಕೊಳ್ಳುವ ತಾಕತ್ತು ಯಾರಿಗೂ ಇಲ್ಲ. ವರ್ಷಕ್ಕೆ ಹತ್ತು ಎಕರೆ ಕೊಂಡರೂ ಕೊನೆಗೆ ಉಳಿಯುವ ಜಗಳ ಸಣ್ಣದಾಗುತ್ತದೆ.

ಮಾಮಾನಿಗೆ ಇದನ್ನೆಲ್ಲ ವಿವರಿಸಿದೆ. ಐದು ವರ್ಷದ ನಿಯಮ ಹೇಳಿದಾಗ ಮಾತ್ರ ಕಿವಿ ನಿಮಿರಿತು. 'ಯಾವ ತಾರೀಕಿನಿಂದ ಐದು ವರ್ಷ?' ಎಂದ. ಪ್ಲಾನ್ ಪ್ರಕಟವಾದ ದಿನದಿಂದ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಲದ ಆ ಮೂಲೆಗೆ ಕರೆದುಕೊಂಡು ಹೋದ. ತೊಗರಿ ಸೊಂಟದ ಮಟ್ಟ ಬಂದಿತ್ತು. ಬಾವಿ ಬೇಸಿಗೆಗೆ ಬತ್ತುತ್ತದೆ, ಬೋರ್ ಹೊಡೆಸಬೇಕು ಎಂದು ಎರಡು ವರ್ಷದಿಂದ ಹೇಳುತ್ತಿದ್ದ. ನೀರು ನೋಡುವವನು ಬಂದು ಒಂದು ಜಾಗಕ್ಕೆ ಕಲ್ಲಿಟ್ಟು ಹೋಗಿದ್ದ.

'ಇದು ಗೆರಿ ಒಳಗ ಬರ್ತದೋ, ಹೊರಗೋ? ಅಷ್ಟು ಹೇಳಿಬಿಡು' ಎಂದ ಮಾಮಾ.

ನಾನು ಫೋನಿನಲ್ಲಿ ಇಳಿಸಿಕೊಂಡಿದ್ದ ನಕ್ಷೆ ತೆಗೆದೆ. ದೊಡ್ಡದು ಮಾಡಿದಷ್ಟೂ ಗೆರೆ ದಪ್ಪ ಆಯಿತು. ಕಲ್ಲು, ಬದು, ಬಾವಿ ಎಲ್ಲ ಅದರ ಕೆಳಗೇ ಹೋದವು. ಬೋರ್ ಗಾಡಿಯವನಿಗೆ ಮುಂದಿನ ವಾರ ಬಾ ಎಂದು ಮಾಮಾ ಫೋನ್ ಮಾಡಿದ.